ಕೋಲಿಗೆ ಹೊಡೆಸಿದ ಲಾಳ

ಅವರ ಬಲಗೈ ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಕಪ್ಪಾಗಿತ್ತು. ಫುಟ್‌ಬಾಲಿನ ಬಾಯಿಗೆ ತೊಗಲಿನ ದಾರ ಹೆಣೆದು, ಅದು ಸಡಿಲಾಗದಂತೆ ಆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹಲ್ಲಿನಿಂದ ಗಂಟು ಬಿಗಿಯುತ್ತಿದ್ದರು. ನಮ್ಮ ಎತ್ತರ ಅಳೆಯುವಾಗಲೂ ಅದೇ ಹೆಬ್ಬೆರಳು ನೆತ್ತಿಯ ಮೇಲೆ ಬಂದು ಕೂಡುತ್ತಿತ್ತು. ಎಣ್ಣೆ ಹಚ್ಚಿದ ಕೂದಲನ್ನು ಒತ್ತುತ್ತ, ಬುರುಡೆ ಸಿಗುವ ತನಕ ಇಳಿಯುತ್ತಿತ್ತು. ಈಗಲೂ ಕ್ಷೌರದವನು ತಲೆಗೆ ಕೈ ಹಚ್ಚಿದರೆ ನನಗೆ ಮೊದಲು ನೆನಪಾಗುವುದು ಅದು.

ಅವರು ಲಿಂಗಸುಗೂರಿನ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರು. ನಿಜಾಮರ ಕಾಲ. ಪಾಠ ಉರ್ದುವಿನಲ್ಲಿ, ಡ್ರಿಲ್ಲಿನ ಹುಕುಮು ಉರ್ದುವಿನಲ್ಲಿ. ಅವರ ಬೈಗುಳ ಮಾತ್ರ ಅಪ್ಪಟ ಕನ್ನಡದಲ್ಲಿ. ಹಿಂದೆ ಫೌಜಿನಲ್ಲಿದ್ದವರು. ಎಡಗಾಲು ತುಸು ಕುಂಟುತ್ತಿದ್ದರು. ಗುಂಡು ತಗುಲಿದೆಯೆಂದು ನಾವು ನಂಬಿದ್ದೆವು. ಗುಂಡಲ್ಲ, ಹೇಸರಗತ್ತೆ ಒದ್ದದ್ದು ಎಂದು ಅವರ ಸೋದರಳಿಯನೇ ಒಮ್ಮೆ ಹೇಳಿದ. ಯಾವುದು ನಿಜವೋ ತಿಳಿಯದು. ಹೈದರಾಬಾದಿನಲ್ಲಿ ಇತಿಹಾಸ ಓದಿದ ಮೇಲೆ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಸುಲಭಕ್ಕೆ ನಂಬುವುದನ್ನು ಬಿಟ್ಟಿದ್ದೇನೆ. ಕಂಡವನು ನಾನೇ ಆಗಿದ್ದರೆ ಇನ್ನೂ ಕಷ್ಟ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಎಲ್ಲೆಲ್ಲಿ ಅನುಮಾನವಿದೆಯೋ ಅಲ್ಲಲ್ಲಿ ಹೇಳಿಬಿಡುತ್ತೇನೆ.

ಆಗ ಶಾಲೆಗಳ ನಡುವೆ ಸಣ್ಣವರ ಫುಟ್‌ಬಾಲ್ ಪಂದ್ಯಕ್ಕೆ ವಯಸ್ಸಿನ ಲೆಕ್ಕವಿರಲಿಲ್ಲ. ಯಾರ ಮನೆಯಲ್ಲಿ ಹುಟ್ಟಿದ ತಾರೀಖು ಬರೆದಿಟ್ಟಿದ್ದರು? ಎತ್ತರವೇ ಲೆಕ್ಕ. ನಾಲ್ಕು ಅಡಿ ಹತ್ತು ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಹೊರಗೆ. ಒಂದೊಂದು ಶಾಲೆಯೂ ತನ್ನ ಹುಡುಗರನ್ನು ತಾನೇ ಅಳೆದು ಪಟ್ಟಿ ಕಳಿಸಬೇಕು. ಮೋಸಕ್ಕೆ ಬಾಗಿಲು ತೆರೆದಿಟ್ಟಂತೆಯೇ ಇತ್ತು. ಆದರೆ ನಮ್ಮ ಮಾಸ್ತರರ ಅಳತೆಯ ಬಗ್ಗೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅವರದು ತಾವೇ ಗೆರೆ ಕೊರೆದ ಸಾಗವಾನಿ ಕೋಲು. ಸಿಂಧನೂರಿನ ಶಾಲೆಯವರು ತಮ್ಮ ಕೋಲನ್ನು ಇಷ್ಟು ದೂರ ಹೊತ್ತು ತಂದು, ಇದರ ಪಕ್ಕಕ್ಕಿಟ್ಟು, ಗೆರೆ ಹಾಕಿಸಿಕೊಂಡು ಹೋಗಿದ್ದರು. “ಕೋಲು ಯಾರಪ್ಪಂದೂ ಅಲ್ಲ” ಎನ್ನುವುದು ನಮ್ಮ ಮಾಸ್ತರರ ದಿನನಿತ್ಯದ ಮಾತು. ಯಾರಾದರೂ ಒಂದು ಹೆಜ್ಜೆ ಮುಂದೆ ನಿಂತು ಓಟ ಶುರು ಮಾಡಿದರೂ ಅದೇ ಮಾತು, ನೀರಿನ ಗಡಿಗೆಯ ಹತ್ತಿರ ಸಾಲು ಮುರಿದರೂ ಅದೇ.

ನಾನು ಕೊನೆಯ ಸಲ ಸಣ್ಣವರ ತಂಡಕ್ಕೆ ನಿಂತ ವರ್ಷ, ಅಳತೆಯ ಸಾಲಿನಲ್ಲಿ ನನ್ನ ಮುಂದೆ ಅವರ ಸೋದರಳಿಯನಿದ್ದ. ತಂದೆ ಇಲ್ಲದವನು, ಅವರ ಮನೆಯಲ್ಲೇ ಬೆಳೆದವನು. ನಮ್ಮಲ್ಲಿ ಚೆಂಡು ಅವನ ಮಾತು ಕೇಳಿದಷ್ಟು ಇನ್ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹೆಬ್ಬೆರಳು ಅವನ ನೆತ್ತಿಯ ಮೇಲೆ ಇಳಿಯಿತು. ಗೆರೆ ದಾಟಿ ಒಂದು ದಾರದಷ್ಟು ಮೇಲೆ ನಿಂತಿತು.

“ಮಾಮು, ಅದು ಕೂದ್ಲ ರೀ.”

“ಕೂದ್ಲ ಅಲ್ಲಲೇ, ಬುರುಡಿ. ಹೊರಗ ನಿಂದ್ರು.”

“ಇನ್ನೊಮ್ಮಿ ಅಳೀರಿ.”

“ಕೋಲು ಯಾರಪ್ಪಂದೂ ಅಲ್ಲ. ನಿನ್ನ ಮಾಮುಂದೂ ಅಲ್ಲ. ನಡಿ.”

ಅವನು ಹೋಗಿ ಬೇವಿನ ಮರದ ಕೆಳಗೆ ನಿಂತ. ನಂತರ ನಾನು. ನಾನು ಅವನಿಗಿಂತ ಎತ್ತರ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೋಡೆಗೆ ಬೆನ್ನು ಹಚ್ಚಿ ಎಷ್ಟೋ ಸಲ ನೋಡಿಕೊಂಡಿದ್ದೆವು. ಅವತ್ತು ನಾನು ಅಣ್ಣನ ದೊಗಳೆ ಚಡ್ಡಿ ಹಾಕಿಕೊಂಡಿದ್ದೆ. ಅದು ಮೊಣಕಾಲನ್ನು ಮುಚ್ಚುತ್ತಿತ್ತು. ಒಳಗೆ ಮೊಣಕಾಲನ್ನು ಸ್ವಲ್ಪವೇ ಬಗ್ಗಿಸಿದೆ. ಹಿಂದೆ ಸಾಲು ಉದ್ದವಿತ್ತು, ಗಂಟೆ ಹೊಡೆಯುವ ಹೊತ್ತು. ಮಾಸ್ತರರು ಪಟ್ಟಿಯಲ್ಲಿ ಗುರುತು ಹಾಕಿದರು. ಮೊದಲೇ ಯೋಚಿಸಿ ಆ ಚಡ್ಡಿ ಹಾಕಿಕೊಂಡು ಹೋಗಿದ್ದೆನೋ, ಗೆಳೆಯ ಹೊರಬಿದ್ದದ್ದನ್ನು ಕಂಡು ಆ ಕ್ಷಣಕ್ಕೆ ಹೊಳೆಯಿತೋ? ಆ ಕ್ಷಣಕ್ಕೆ ಹೊಳೆಯಿತೆಂದು ನನ್ನ ನೆನಪು ಹೇಳುತ್ತದೆ. ನೆನಪು ನನ್ನ ಕಡೆಯ ವಕೀಲ.

ಪಂದ್ಯ ಸಿಂಧನೂರಿನವರ ಮೇಲೆ, ಮಸ್ಕಿಯಲ್ಲಿ. ಎರಡೂ ಊರಿಗೆ ನಡುವಿನ ಜಾಗವೆಂದು ಅಲ್ಲಿ, ಗುಡ್ಡದ ಕೆಳಗಿನ ದನ ಮೇಯುವ ಬಯಲಿನಲ್ಲಿ ಆಡುತ್ತಿದ್ದೆವು. ಮಸ್ಕಿ ನನ್ನ ಊರು. ಸೋದರತ್ತೆಯ ಮನೆಯಲ್ಲಿದ್ದು ಲಿಂಗಸುಗೂರಿನಲ್ಲಿ ಓದುತ್ತಿದ್ದೆ. ಅಪ್ಪ ಅಂಗಡಿ ಮುಚ್ಚಿ ಬಂದು ಎಲ್ಲರಿಗಿಂತ ಮುಂದೆ ನಿಂತಿದ್ದ. ಪಕ್ಕದವರಿಗೆಲ್ಲ “ಅಗೋ ಅವ, ನಮ್ಮವ” ಎಂದು ತೋರಿಸುತ್ತಿದ್ದ.

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ಸುತ್ತ ನಿಂತವರ ತಲೆಗಳ ಮೇಲೆ ನನ್ನ ತಲೆ ಎದ್ದಿತು. ಚೆಂಡಿನ ಗಂಟು ಹಣೆಗೆ ತಾಗಿ ಗಾಯವಾಯಿತು. ಇದರಲ್ಲಿ ಅನುಮಾನವಿಲ್ಲ, ಕಲೆ ಇನ್ನೂ ಇದೆ. ಗೋಲ್ ಆಯಿತು.

ಸಿಂಧನೂರಿನವರ ಗೋಲ್ ಕಾಯುತ್ತಿದ್ದವನು ಮುಕ್ಕುಂದದ ಗಿಡ್ಡ ಹುಡುಗ. ಚೆಂಡು ತರುವುದನ್ನೂ ಬಿಟ್ಟು ಕೂಗಿದ: “ಏ, ಇವನ್ನ ಅಳೀರಿ! ಕೋಳಿಗೂಡಿನ್ಯಾಗ ಒಂಟೆ ಬಿಟ್ಟಾರ!”

ಮಂದಿ ನಕ್ಕರು. ಅವರ ಮಾಸ್ತರರೇ ಅವನನ್ನು ಗದರಿಸಿದರು. “ಸುಮ್ನಿರಲೇ. ಆ ಕೋಲು ಅಳದೈತಿ ಅಂದ್ರ ಮುಗೀತು.”

ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಮಾಸ್ತರರು ಮುಂದೆ ಬಂದರು. “ಇಲ್ರೀ. ಹುಡುಗ ಕೇಳ್ಯಾನ. ಅಳೀಬೇಕು.”

ಒಂದು ಚಪ್ಪಟೆ ಕಲ್ಲಿನ ಮೇಲೆ ನನ್ನನ್ನು ನಿಲ್ಲಿಸಿ, ಪಕ್ಕದಲ್ಲಿ ಕೋಲು ಊರಿದರು. ಅದರ ಬುಡದ ಕಬ್ಬಿಣ ಕಲ್ಲಿಗೆ ತಾಗಿ ಟಣ್ ಎಂದದ್ದು ನನ್ನ ಕಿವಿಯಲ್ಲಿದೆ. ನಾನು ಮತ್ತೆ ಮೊಣಕಾಲು ಬಗ್ಗಿಸಿದೆ. ಹೆಬ್ಬೆರಳು ನೆತ್ತಿಯ ಮೇಲೆ ಕೂತಿತು, ಎಂದಿಗಿಂತ ಹೆಚ್ಚು ಹೊತ್ತು.

“ನೆಟ್ಟಗ ನಿಂದ್ರಪ್ಪಾ,” ಅಂದರು.

ಎಲ್ಲರಿಗೂ ಲೇ ಎನ್ನುವವರು ಅಪ್ಪಾ ಅಂದರು. ದನಿ ನನಗೆ ಮಾತ್ರ ಕೇಳುವಷ್ಟಿತ್ತು. ನಾನು ಅಪ್ಪನ ಕಡೆ ನೋಡಿದೆ. ನೆಟ್ಟಗೆ ನಿಲ್ಲಲಿಲ್ಲ.

ಅವರು ಕೈ ತೆಗೆದರು. “ಸರಿ ಐತಿ.”

ಅಪ್ಪ ಚಪ್ಪಾಳೆ ಹೊಡೆದ. ಆ ಒಂದೇ ಗೋಲಿನಿಂದ ಗೆದ್ದು, ಬಹುಮಾನದ ಹೊಳೆಯುವ ಢಾಲನ್ನು ಚಕ್ಕಡಿಯಲ್ಲಿಟ್ಟುಕೊಂಡು ಲಿಂಗಸುಗೂರಿಗೆ ಬಂದೆವು.

ಒಂದು ವಾರ ಕಳೆದಿರಬೇಕು. ಡ್ರಿಲ್ಲಿನ ಹೊತ್ತಿಗೆ ಮಾಸ್ತರರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೋಲನ್ನು ತಲೆಕೆಳಗು ಮಾಡಿ ತೋರಿಸಿದರು. ಬುಡಕ್ಕೆ ದಪ್ಪನೆಯ ಕಬ್ಬಿಣದ ಲಾಳ ಹೊಡೆದಿತ್ತು.

“ಬುಡ ಸವೀಬಾರದಂತ ಹೊಡಿಸಿದ್ದೆ. ಅರ್ಧ ಇಂಚು ಕೋಲು ಉದ್ದಾತು, ಗೆರಿ ಮ್ಯಾಲ ಹೋತು. ಲೆಕ್ಕಕ್ಕ ಹಿಡಿಯೋದು ಮರತೆ. ಢಾಲು ನಮ್ಮದಲ್ಲ. ತಪ್ಪು ನಂದು, ಹುಡುಗರದಲ್ಲ.”

ಅವತ್ತೇ ಢಾಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಿಂಧನೂರಿಗೆ ಹೋಗಿ ಕೊಟ್ಟು ಬಂದರು. ಹುಡುಗರೆಲ್ಲ ಅವರನ್ನು ಬೈದರು. ನಾನು ಒಳಗೊಳಗೇ ಹಗುರಾದೆ. ತಪ್ಪು ಕೋಲಿನದು! ನನ್ನ ಮೊಣಕಾಲು ಬಗ್ಗದಿದ್ದರೂ ಬಹುಶಃ ಪಾಸಾಗುತ್ತಿದ್ದೆ. ನನಗಿಂತ ಗಿಡ್ಡವನು ಅದೇ ಕೋಲಿಗೆ ಹೊರಬಿದ್ದಿದ್ದನೆಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾತು ಊರೂರಿಗೆ ಹಬ್ಬಿತು. ಬಳಗಾನೂರಿನ ಸಂತೆಯಲ್ಲಿ ಒಬ್ಬ ಮುದುಕಿ ಬಟ್ಟೆ ಅಳೆಯುವವನಿಗೆ, “ಏನೋ ತಮ್ಮಾ, ಇದೇನು ಲಿಂಗಸುಗೂರ ಕೋಲೇನು?” ಎಂದು ಕೇಳಿದ್ದನ್ನು ನಾನೇ ಕೇಳಿದೆ. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಮುಂದಿನ ವರ್ಷ ನಮ್ಮ ಹುಡುಗರನ್ನು ಅಳೆಯಲು ಸಿಂಧನೂರಿನ ಮಾಸ್ತರರೇ ತಮ್ಮ ಕೋಲು ಹಿಡಿದು ಬಂದರು. ನಮ್ಮವರು ಪಕ್ಕದಲ್ಲಿ, ಹುಡುಗರು ತೆಗೆದುಕೊಟ್ಟ ಟೊಪ್ಪಿಗೆಗಳನ್ನು ಹಿಡಿದುಕೊಂಡು ನಿಂತಿದ್ದರು.

ಅವರು ತೀರಿಕೊಂಡಾಗ ನಾನು ಹೈದರಾಬಾದಿನಲ್ಲಿದ್ದೆ. ಜ್ವರವಂತೆ, ಐದೇ ದಿನ. ರಜೆಗೆ ಬಂದವನು ಅವರ ಮನೆಗೆ ಹೋದೆ. ಸೋದರಳಿಯ ಈಗ ದರ್ಜಿ. ಪಡಸಾಲೆಯಲ್ಲಿ ಮಶೀನು ಹಾಕಿಕೊಂಡಿದ್ದ. “ಬಾರಪಾ ಹೈದರಾಬಾದಿ,” ಎಂದು ಚಹಾ ತರಿಸಿದ. ಕೋಲು ಬಾಗಿಲ ಮೂಲೆಯಲ್ಲಿತ್ತು. ಅದನ್ನು ನೋಡುತ್ತ ಎಷ್ಟೋ ಹೊತ್ತು ಬೇರೆ ಮಾತಾಡಿ, ಕೊನೆಗೆ ಕೇಳಿದೆ.

“ಮಸ್ಕ್ಯಾಗ ನಾ ಮಂಡಿ ಬಗ್ಗಿಸಿದ್ದು ಮಾಮುಗ ಗೊತ್ತಾಗಿತ್ತೇನು?”

ಅವನು ಹೊಲಿಗೆ ನಿಲ್ಲಿಸಲಿಲ್ಲ. “ಮಂಡಿ ಬಗ್ಗಿಸಿದವನ ತೊಡಿ ನಡುಗ್ತಾವ. ತೊಡಿ ನಡುಗಿದ್ರ ತಲಿ ನಡುಗ್ತೈತಿ. ಹೆಬ್ಬೆಟ್ಟಿಗೆ ಗೊತ್ತಾಗ್ತೈತಿ ಅಂದಿದ್ರು.”

“ಮತ್ತ ಸರಿ ಐತಿ ಅಂತ ಯಾಕಂದ್ರು?”

“ನಿಮ್ಮಪ್ಪ ಎದುರಿಗೆ ನಿಂತಿದ್ದನಲ್ಲೋ. ಅಪ್ಪನ ಮುಂದ ಮಗನ್ನ ಕಳ್ಳ ಅಂತ ಹೆಂಗ ಅನ್ಲಿ, ಅಂದ್ರು.”

“ನೀನರ ಹೇಳಬೇಕಿತ್ತು.”

“ಹೇಳಿದ್ರ ಹೊಟ್ಟಿಕಿಚ್ಚು ಅಂತಿದ್ರಿ.”

ನಾನು ಕೊನೆಯ ಆಸರೆಗೆ ಕೈಹಾಕಿದೆ. “ಹಂಗಂದ್ರೂ ಕೋಲಿಂದೂ ತಪ್ಪಿತ್ತಲ್ಲ. ಲಾಳ ಇತ್ತು. ಕಲ್ಲಿನ ಮ್ಯಾಲ ಟಣ್ ಅಂದದ್ದು ನಾನ ಕೇಳೀನಿ.”

ಈಗ ಅವನು ಮಶೀನಿನ ಗಾಲಿಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದ.

“ಏನ್ ಕೇಳ್ದಿಪಾ ನೀ? ಲಾಳ ಹೊಡಿಸಿದ್ದು ಮಸ್ಕಿಯಿಂದ ಬಂದ ಮ್ಯಾಲ. ಕಮ್ಮಾರನ ಹಂತೇಕ ಕೋಲು ಒಯ್ದಾವ ನಾನ. ಎಷ್ಟು ದಪ್ಪ ಬೇಕು ಅಂದ ಅವ. ಅರ್ಧ ಇಂಚು, ಹೆಚ್ಚಿಲ್ಲ ಕಡಿಮಿಲ್ಲ, ಅಂತ ಮಾಮು ಹೇಳಿ ಕಳಿಸಿದ್ರು.”

ಚಹಾ ಆರಿತ್ತು. ನಾನು ಬಚ್ಚಿಟ್ಟುಕೊಂಡ ಅರ್ಧ ಇಂಚನ್ನು ಅವರು ತಮ್ಮ ಕೋಲಿಗೆ ಹೊಡೆಸಿಕೊಂಡಿದ್ದರು. ಢಾಲು ಸೇರಬೇಕಾದವರಿಗೆ ಸೇರಿತು, ನನ್ನ ಹೆಸರು ಉಳಿಯಿತು, ಅವರದು ಹೋಯಿತು.

ಎದ್ದು ಕೋಲನ್ನು ಕೈಗೆತ್ತಿಕೊಂಡೆ. ಲಾಳದ ಮೊಳೆಗಳು ತುಕ್ಕು ಹಿಡಿದು ಕಟ್ಟಿಗೆಯೊಳಗೆ ಕಚ್ಚಿಕೊಂಡಿದ್ದವು. “ಇದನ್ನ ಕೀಳಿಸಿಬಿಡೋಣು. ಎಲ್ಲಾರಿಗೂ ಹೇಳ್ತೀನಿ ನಾನು,” ಅಂದೆ.

“ಬ್ಯಾಡ. ಹೇಳೋದಿದ್ರ ನೀ ಹೇಳು. ಲಾಳ ಮಾತ್ರ ಮಾಮು ಹೊಡಿಸಿದ್ದು, ಇರ್ಲಿ.”

ಅವನು ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಮೂಲೆಗಿಟ್ಟ. ಹಾಸುಗಲ್ಲಿನ ಮೇಲೆ ಕಬ್ಬಿಣ ಟಣ್ ಎಂದಿತು. ಮಸ್ಕಿಯಲ್ಲಿ ಕೇಳಿದೆನೆಂದು ಅಷ್ಟು ವರ್ಷ ನಂಬಿಕೊಂಡಿದ್ದ ಸದ್ದು ಅದು.