ಯಾರ ಮುಂದೆ ನಿಲ್ಲೋದು

ನೋವಿಲ್ಲದವರ ಬೆನ್ನುಮೂಳೆ ಸಹಜವಾಗಿ ಹೇಗಿರುತ್ತೆ ಅಂತ ತಿಳಿಯೋ ಸಂಶೋಧನೆಗೆ ಎಕ್ಸ್‌ರೇ ತೆಗೆಯೋದು ನನ್ನ ಕೆಲಸ. ಒಂದಿನ ಅದಕ್ಕೆ ಹೆಸರು ಕೊಟ್ಟಿದ್ದ ಗಂಗಣ್ಣ ದಾಸರಹಳ್ಳಿಯಿಂದ ಬಂದರು, ಕಾರ್ಖಾನೆಯಲ್ಲಿ ಲೇತ್ ಆಪರೇಟರ್.

“ದಿನಾ ನಿಲ್ಲೋ ಹಾಗೇ ನಿಂತ್ಕೊಳ್ಳಿ” ಅಂದೆ.

“ಯಾರ ಮುಂದೆ ಸಾರ್?” ಅಂದರು. “ಸೂಪರ್‌ವೈಸರ್ ಮುಂದೆ ಒಂಥರ, ಮನೇಲಿ ಅಳಿಯನ ಮುಂದೆ ಒಂಥರ ನಿಲ್ತೀನಿ.”

ನಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. “ಎದುರಿಗೆ ಯಾರೂ ಇಲ್ಲ ಅಂದ್ಕೊಳ್ಳಿ” ಅಂತ ರೇಗಿದೆ.

“ಯಾರೂ ಇಲ್ದಿದ್ರೆ ಯಾಕ್ ಸಾರ್ ನಿಲ್ಲಲಿ, ಕೂತ್ಕೋತೀನಿ.”

ಅಷ್ಟರಲ್ಲಿ ನಮ್ಮ ದೊಡ್ಡ ಡಾಕ್ಟರು ಒಳಗೆ ಬಂದು, ಇನ್ನೂ ಮುಗಿದಿಲ್ವಾ ಅಂತ ನನ್ನನ್ನು ಗದರಿಸಿ ಹೋದರು. ಗಂಗಣ್ಣ ನನ್ನ ಬಗ್ಗಿದ ಬೆನ್ನು ನೋಡಿ, “ನಾನೂ ಇಂಗೇ ಸಾರ್, ಸೂಪರ್‌ವೈಸರ್ ಮುಂದೆ” ಅಂದರು.

ಬೆನ್ನುನೋವು ನನಗೂ ಇಲ್ಲ. ಆದರೆ ಆ ಸಂಶೋಧನೆಗೆ ನನ್ನ ಹೆಸರು ಕೊಡಲಿಲ್ಲ.