ಎಣ್ಣೆ ಸವರಿದ ಹಿಟ್ಟು

ಆ ಭಾನುವಾರ ನಾನು ಮೊದಲು ಬೈದದ್ದು ಮೈದಾವನ್ನು.

ಕೈಯಲ್ಲೇ ನಾದಿ, ಲಟ್ಟಿಸಿ, ಚಾಕುವಿನಿಂದ ಎಳೆಎಳೆಯಾಗಿ ಕತ್ತರಿಸಿ, ಕಾಳುಮೆಣಸಿನ ಕೋಳಿ ಸೂಪಿನಲ್ಲಿ ಬೇಯಿಸುವ ನೂಡಲ್ಸ್ ನಮ್ಮ ಮನೆಯ ಭಾನುವಾರದ ಊಟ. ಮಗಳು ಮೊಬೈಲಿನಲ್ಲಿ ನೋಡಿ ಕಲಿಸಿದ್ದು. ಹಿಟ್ಟು ಗಟ್ಟಿಯಿರಬೇಕು, ಚೆನ್ನಾಗಿ ನಾದಿರಬೇಕು. ಬೆಂದ ಎಳೆ ಹಲ್ಲಿಗೆ ಸ್ವಲ್ಪ ಎದುರಾಡಬೇಕು. ಅಂದು ನನ್ನ ಬಲಗೈ ಹಿಟ್ಟಿನೊಳಗೆ ಇಳಿಯಲೇ ಇಲ್ಲ. ಅಂಗಡಿಯವನು ಹಳೆಯ ಮೈದಾ ಕೊಟ್ಟಿದ್ದಾನೆಂದು ಗೊಣಗಿ, ಸುಸ್ತಿರಬೇಕೆಂದು ಹೋಗಿ ಮಲಗಿದೆ.

ತಲೆನೋವು ಬಂದರೆ ಟ್ಯೂಮರ್, ಕೆಮ್ಮಿದರೆ ಟಿಬಿ ಎಂದು ಹೆದರಿ ನಮ್ಮ ಬಡಾವಣೆ ಜೋಗೇಶ್ವರಿಯ ಡಾಕ್ಟರುಗಳನ್ನೆಲ್ಲ ಗೋಳುಹೊಯ್ದುಕೊಂಡವಳು ನಾನು. ಗ್ಯಾಸಿಗೆ ಇಸಿಜಿ ಮಾಡಿಸಿಕೊಂಡವಳು. ನಿಜವಾದದ್ದು ಬಂದ ದಿನ ಮಾತ್ರ ಫ್ಯಾನ್ ಜೋರು ಮಾಡಿ ನಿದ್ದೆಹೋದೆ.

ಸಂಜೆ ಮಗಳು ಎಬ್ಬಿಸಿದಾಗ ಬಾಯಿ ಒಂದು ಕಡೆಗೆ ಇಳಿದಿತ್ತು.

ಸ್ಟ್ರೋಕ್. ಸಿಟಿ ಸ್ಕ್ಯಾನ್. ಐಸಿಯು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಕೊಡುವ ಹೊತ್ತು ದಾಟಿದೆ ಎಂದರು ಡಾಕ್ಟರ್.

ನಾನು ಮಲಗಿದ್ದಾಗ ದಾಟಿತ್ತು.

ಬಾಯಿ ನೆಟ್ಟಗಾಯಿತು. ಮಾತೂ ಬಂತು, ಅದು ಸ್ವಲ್ಪ ತಡವಾಗಿ ಬಂದಿದ್ದರೂ ಮನೆಯವರು ಬೇಸರಪಡುತ್ತಿರಲಿಲ್ಲವೇನೋ. ಬಲಗೈ ಬರಲಿಲ್ಲ. ಬ್ಲೌಸಿನ ಹುಕ್ಕು ಮಗಳು ಹಾಕುತ್ತಾಳೆ, ತಲೆ ಗಂಡ ಬಾಚುತ್ತಾರೆ. ಇಬ್ಬರಿಗೂ ಸರಿಯಾಗಿ ಬರುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಎಷ್ಟು ಶಕ್ತಿ ಮರಳುತ್ತದೋ ಅದೇ ಮುಖ್ಯ ಎಂದಿದ್ದರು ಡಾಕ್ಟರ್. ಫಿಸಿಯೋಥೆರಪಿಯ ಹುಡುಗಿ, "ಆಂಟಿ, ಘರ್ ಪೇ ಆಟಾ ಗೂಂಧೋ," ಎಂದಳು. ಹಾಗೆ ಹಿಟ್ಟು ನಾದುವುದೇ ನನ್ನ ಪರೀಕ್ಷೆಯಾಯಿತು. ನೂಡಲ್ಸ್ ಗಟ್ಟಿಯಾದರೆ ಕೈ ಬಂದಂತೆ.

ನಾದುವುದು ನಾನು, ಲಟ್ಟಿಸಿ ಕತ್ತರಿಸುವುದು ಗಂಡ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಪರೋಟ ಮಾಡುತ್ತಲೇ ಕೂದಲು ಹಣ್ಣಾದವರು ಅವರು. ಮೊದಮೊದಲು ಎಳೆಗಳೆಲ್ಲ ಸೂಪಿನಲ್ಲಿ ಕರಗಿಹೋದವು. ಆಮೇಲೆ ಒಂದು ಭಾನುವಾರ ಎಳೆ ಹಲ್ಲಿಗೆ ಸಿಕ್ಕಿತು. ಮರುವಾರವೂ. ಊರಿನ ನಾದಿನಿಗೆ ಫೋನ್ ಮಾಡಿ ಹೇಳಿಕೊಂಡೆ.

ಫಿಸಿಯೋಥೆರಪಿಯಲ್ಲಿ ಹಿಡಿತ ಅಳೆಯುವ ಯಂತ್ರದ ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಯಂತ್ರ ಕೆಟ್ಟಿದೆ ಎಂದು ಆ ಹುಡುಗಿಯ ಜೊತೆ ವಾದ ಮಾಡಿದೆ. ಮೈದಾ ಆಯಿತು, ಈಗ ಯಂತ್ರ.

ಮುಂದಿನ ಭಾನುವಾರ ಸ್ನಾನ ಮುಗಿಸಿ ಬಂದು, ನೆನೆಯಲು ಇಟ್ಟ ಹಿಟ್ಟಿನ ಮೇಲಿನ ಒದ್ದೆಬಟ್ಟೆ ಎತ್ತಿದೆ. ಉಂಡೆ ನುಣ್ಣಗೆ ಹೊಳೆಯುತ್ತಿತ್ತು. ಪರೋಟದ ಉಂಡೆಯ ಹಾಗೆ.

"ಇದಕ್ಕೆ ಎಣ್ಣೆ ಸವರಿದ್ದು ಯಾರು?"

"ಎಂತ ಎಣ್ಣೆ?" ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

"ನಾನು ನೂಡಲ್ಸ್ ಹಿಟ್ಟಿಗೆ ಎಣ್ಣೆ ಮುಟ್ಟಿಸುವುದಿಲ್ಲ."

ಮಗಳು, "ಪಪ್ಪಾ, ಪಕ್ಡೇ ಗಯೇ," ಎಂದು ಅಪ್ಪ ಸಿಕ್ಕಿಬಿದ್ದದ್ದಕ್ಕೆ ನಗುತ್ತಾ ಒಳಗೆ ಹೋದಳು.

"ಕೈ ಅಭ್ಯಾಸ ಮಾರಾಯ್ತಿ," ಎಂದರು ಅವರು. "ನಾದಿದ ಮೇಲೆ ಎಣ್ಣೆ ಸವರದೆ ಇಡ್ಲಿಕ್ಕೆ ಬರುದಿಲ್ಲ ನಂಗೆ."

"ಎಷ್ಟು ವಾರದಿಂದ?"

"ನೀನು ಖುಷಿಯಲ್ಲಿದ್ದಿಯಲ್ಲ. ಹಾಳು ಮಾಡುದೆಂತಕ್ಕೆ ಅಂತ."

ನಾನು ಸ್ನಾನಕ್ಕೆ ಹೋದಾಗಲೆಲ್ಲ ಅವರು ಹಿಟ್ಟನ್ನು ಮತ್ತೆ ನಾದುತ್ತಿದ್ದರು. ನನ್ನ ಕೈಗೆ ಬಂದಿದೆ ಎಂದು ನಾನು ಊರಿಗೆಲ್ಲ ಹೇಳಿಕೊಂಡ ಶಕ್ತಿ ಅವರ ಕೈಯದ್ದು. ಕುರ್ಚಿಯಲ್ಲಿ ಕೂತುಬಿಟ್ಟೆ. ಸಿಟ್ಟು ಮಾಡಲು ಹೊರಟರೆ ಅಳು ಬಂತು.

"ಇದು ಬರುವುದಿಲ್ಲವಾ ಇನ್ನು?" ಕೈ ತೋರಿಸಿ ಕೇಳಿದೆ.

"ಗೊತ್ತಿಲ್ಲ," ಎಂದರು.

ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲರೂ "ಬರ್ತದೆ, ಬರ್ತದೆ" ಎನ್ನುವವರೇ. ಹಾಗೆ ಹೇಳದವರು ಇವರೊಬ್ಬರೇ. ಆ ಮಾತಿನಿಂದ ಹೆದರಿಕೆ ಹೆಚ್ಚಿತು. ಆದರೂ ಯಾರೋ ಪಕ್ಕದಲ್ಲಿ ಬಂದು ಕೂತ ಹಾಗೂ ಆಯಿತು. ಇನ್ನು ನನ್ನ ಹಿಟ್ಟು ಮುಟ್ಟಕೂಡದು, ತಿಂದು ಸುಳ್ಳು ಹೇಳಕೂಡದು ಎಂದೆ. ಒಪ್ಪಿದರು.

ಈ ಭಾನುವಾರ ನಾನೊಬ್ಬಳೇ ನಾದಿದ ನೂಡಲ್ಸ್. ಗಂಡ ಒಂದು ತುತ್ತು ಬಾಯಿಗಿಟ್ಟರು. ಜಗಿಯಲು ಏನೂ ಇರಲಿಲ್ಲ.

"ಗಂಜಿ," ಎಂದರು. ಮಗಳು ಅವರನ್ನು ದುರುಗುಟ್ಟಿ ನೋಡಿದಳು. ಅವರು ಬಟ್ಟಲು ಮುಂದೆ ಚಾಚಿ, "ಇನ್ನೊಂದು ಸೌಟು ಹಾಕು," ಎಂದರು.

ಬಲಗೈಯಲ್ಲೇ ಸೌಟು ಹಿಡಿದೆ. ಅರ್ಧ ಮೇಜಿನ ಮೇಲೆ ಚೆಲ್ಲಿತು, ಅರ್ಧ ಬಟ್ಟಲಿಗೆ ಬಿತ್ತು. ಅಷ್ಟು ಹೊತ್ತೂ ಇಬ್ಬರೂ ಸಹಾಯಕ್ಕೆ ಕೈ ಚಾಚದೆ ಕಾದರು. ಸದ್ಯಕ್ಕೆ ನಾನು ಋಣಿಯಾಗಿರುವುದು ಅದಕ್ಕೆ.