ಅಕ್ಕನ ಗಲ್ಲ ತುಂಬಿದ ವರ್ಷ

ನಮ್ಮ ಅಕ್ಕಗ ಸಣ್ಣಾಕಿ ಇದ್ದಾಗಿಂದ ಉಬ್ಬಸ. ಥಂಡಿ ಬಿತ್ತಂದ್ರ ಕುಂತ್ಕೊಂಡ ಬೆಳಗ ಮಾಡಾಕಿ. ಹಂಸಭಾವಿಯೊಳಗ ನಮ್ಮ ಓಣಿ ಮಂದಿ ಆಕಿಗೆ ಎದುರಿಗೇ 'ಕಡ್ಡಿ' ಅಂತಿದ್ರು. ಅವರ ಬಾಯಾಗ ಮಣ್ಣ ಬೀಳಲಿ, ನೆನಸಿಕೊಂಡ್ರ ನನಗ ಈಗೂ ಸಿಟ್ಟ ಬರ್ತೈತಿ.

ಎಪ್ಪತ್ತರ ದಶಕ ಮುಗಿಯೂ ಹೊತ್ತಿಗೆ ಹಿರೇಕೆರೂರಿನ ಡಾಕ್ಟರು ಸಣ್ಣ ಬಿಳಿ ಗುಳಿಗಿ ಕೊಟ್ರು. ಉಸಿರು ಹಗುರಾತು, ಹಸಿವು ಹೆಚ್ಚಾತು. ನೋಡನೋಡತಿದ್ದಂಗ ಅಕ್ಕನ ಗಲ್ಲ ಉಬ್ಬಿ ಮಾರಿ ದುಂಡಗಾತು. ಕಡ್ಡಿ ಅಂದವರ "ಏನವಾ, ಲಕ್ಷ್ಮೀ ಕಳಾ ಬಂದೇತಿ" ಅನ್ನಾಕತ್ರು. ಡಾಕ್ಟರು ಮಾತ್ರ ನಗಲಿಲ್ಲ. "ಇದು ಬಲ ಅಲ್ಲ, ಗುಳಿಗಿಯಿಂದ ಬಂದ ಬಾವು. ಕಿಡ್ನಿ ಮ್ಯಾಲ ಎರಡು ಸಣ್ಣ ಗ್ರಂಥಿ ಅದಾವು. ಈ ಗುಳಿಗ್ಯಾಗ ಇರೂವಂಥಾ ರಸಾನ ಅವು ತಾವ ತಯಾರ ಮಾಡತಾವು. ದಿನಾ ಹೊರಗಿಂದ ಕೊಟ್ರ ಕೆಲಸಾ ಬಿಟ್ಟ ಮಲಗತಾವು. ಒಮ್ಮಿಂದೊಮ್ಮೆಲೆ ಗುಳಿಗಿ ಬಿಟ್ಟೀರಿ, ಜೀವಕ್ಕ ಬರ್ತೈತಿ. ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಸಬೇಕು" ಅಂದ್ರು. ಅವ್ವ ಹೂಂ ಹೂಂ ಅಂದು ಗೋಣ ಹಾಕಿದಳು.

ಸವಣೂರ ಹತ್ತಿರದ ಹಳ್ಳಿಯಿಂದ ಕನ್ಯಾ ನೋಡಾಕ ಬಂದವರು ಆ ತುಂಬಿದ ಮಾರಿ ನೋಡೇ ಒಪ್ಪಿದ್ರು. ಮದುವಿ ಆತು. ಗಂಡನ ಮನಿಗೆ ಕಳಸೂ ದಿನ ಅಕ್ಕನ ಟ್ರಂಕಿನಾಗಿಂದ ಗುಳಿಗಿ ಡಬ್ಬಿ ಅವ್ವ ಹೊರಗ ತಗದಳು.

"ಹೊಸಾ ಮನ್ಯಾಗ ಗುಳಿಗಿ ನುಂಗಿದ್ರ ರೋಗಿಷ್ಟಿನ್ನ ಕಟ್ಟಿದ್ರು ಅಂತಾರ. ಈಗ ಆರಾಮ ಅದೀಯಲ್ಲ? ಯಾರ ಮುಂದೂ ಬಾಯಿ ಬಿಡಬ್ಯಾಡ."

ನಾ ಜಗಳಕ್ಕ ನಿಂತೆ. "ಡಾಕ್ಟರು ಏನ ಹೇಳ್ಯಾರ, ಮರತೀ ಏನ?" ಅಂದೆ. "ನಿನ್ನ ನಾಲಿಗಿ ಭಾಳ ಉದ್ದಾತು" ಅಂತ ನನ್ನ ಬಾಯಿ ಮುಚ್ಚಿಸಿದಳು. ಅಕ್ಕ ತೆಲಿ ಬಗ್ಗಿಸಿಕೊಂಡ ಹೋದಳು.

ತಿಂಗಳೊಪ್ಪತ್ತಿಗೆ ಸುದ್ದಿ ಬಂತು. ಅಕ್ಕಗ ವಾಂತಿ, ಚಕ್ಕರ, ಅನ್ನ ಸೇರವಲ್ದು. ಬಸರ ಅಂತ ಅವರ ಮನ್ಯಾಗ ಎಲ್ಲಾರೂ ಖುಷಿಯಾಗಿದ್ರಂತ. ಅವ್ವ ಓಣಿಗೆಲ್ಲ ಸಕ್ಕರಿ ಹಂಚಿದಳು. ಹೋಳಿಗಿ ಬುತ್ತಿ ಕಟ್ಟಿಕೊಂಡ ನಾವಿಬ್ಬರೂ ಬಸ್ ಹತ್ತಿದ್ವಿ.

ಹೋಗಿ ನೋಡಿದ್ರ ಅಕ್ಕ ಚಾಪಿ ಮ್ಯಾಲ ಬಿದ್ದಾಳ. ಎಬ್ಬಿಸಿ ಕುಂಡ್ರಿಸಿದ್ರ ಕಣ್ಣ ಮ್ಯಾಲ ಹೋಗಾಕತ್ತಿದ್ವು. ಕೈ ಥಣ್ಣಗ. ಅಕ್ಕನ ಅತ್ತಿ ಪಾಪ, "ಚೊಚ್ಚಲ ಬಸರ ನೋಡ್ರಿ ಬೀಗತಿ, ಸಂಕಟ ಜಾಸ್ತಿ" ಅಂತ ನಿಂಬಿಹಣ್ಣು ಮೂಸಿಸಾಕತ್ತಿದ್ರು. ನಾ ಬಾಯಿ ತಗದೆ. ಅವ್ವ ನನ್ನ ತೋಳ ಚೂಟಿದಳು. ಹೇಳಿದ್ರ ಅಕ್ಕನ್ನ ತವರಿಗೆ ಅಟ್ಟತಾರ, ಹೇಳದಿದ್ರ ಆಕಿ ಉಳಿಯೂದಿಲ್ಲ.

ಅಷ್ಟರಾಗ ಅವ್ವ ಅಕ್ಕನ ಮಾರಿ ಸರಿಯಾಗಿ ನೋಡಿದಳು. ಗಲ್ಲ ಇಳದು ಹಳೇ ಮಾರಿ ಮತ್ತ ಕಾಣಾಕತ್ತಿತ್ತು. ಅವ್ವ ನನ್ನ ತೋಳ ಬಿಟ್ಟಳು.

"ಬೀಗತಿ, ಇದು ಬಸರ ಅಲ್ಲರಿ. ನನ್ನ ಮಗಳಿಗೆ ಉಬ್ಬಸ ಐತಿ. ಗುಳಿಗಿ ನಾನ ಬಿಡಿಸೇನಿ."

ಅಕ್ಕನ ಅತ್ತಿ ನಿಂಬಿಹಣ್ಣು ಕೆಳಗ ಇಟ್ಟು ಎದ್ರು. ಮಗನ್ನ ಕೂಗಿ ಚಕ್ಕಡಿ ಹೂಡಿಸಿದ್ರು. ಸವಣೂರ ದವಾಖಾನ್ಯಾಗ ಅದೇ ಔಷಧದ ಸೂಜಿ ಮಾಡಿ ಸಲಾಯಿನ್ ಹಚ್ಚಿದ್ರು. ಅಕ್ಕ ಕಣ್ಣ ಬಿಡೂ ತನಕ ನಾ ಅವ್ವನ ಕೂಡ ಮಾತಾಡಲಿಲ್ಲ. ಮಾತಾಡಿದ್ರ ಏನ ಅಂತಿದ್ನೋ, ದೇವರಿಗೇ ಗೊತ್ತು.

ಮರುದಿನ ಅಕ್ಕ ಹಸಿವು ಅಂದಳು. ಆಕಿ ಅತ್ತಿ ನಮ್ಮ ಬುತ್ತಿ ಗಂಟ ಬಿಚ್ಚಿ, ಬಸರಿಗಂತ ತಂದ ಹೋಳಿಗಿ ಮುರದು ಬಾಯಿಗೆ ಇಟ್ರು. "ಇಷ್ಟ ತ್ರಾಸ ಆಗಿತ್ತಲ್ಲವಾ, ನನಗರ ಹೇಳಬಾರದಿತ್ತೇನ?" ಅಂದ್ರು.

ಅಕ್ಕ ತುತ್ತ ನುಂಗಿ, "ಅವ್ವ ಹೇಳಬ್ಯಾಡ ಅಂದಿದ್ಲರಿ" ಅಂದಳು.

ಅವ್ವ ಅಲ್ಲೇ ನಿಂತಿದ್ದಳು.